ಸೈನ್ಯ ಕಳೆದುಕೊಂಡಾಗ ಹೋಗದ ಪದವಿ ಮದುವೆಯಾದಾಗ ಹೋಯಿತು

ಕ್ರಿ.ಶ. 731ರಲ್ಲಿ ಖುರಾಸಾನಿನ ಅರಬ್ ಪ್ರಾಂತ್ಯಾಧಿಕಾರಿ ಜುನೈದ್ ಇಬ್ನ್ ಅಬ್ದುರ್ರಹಮಾನ್ ಅಲ್-ಮುರ್ರಿ ಸಮರ್ಕಂದದ ದಾರಿಯಲ್ಲಿ, ಬೆಟ್ಟಗಳ ನಡುವಿನ ಕಣಿವೆಯೊಂದರಲ್ಲಿ ತುರ್ಕರಿಗೆ ಸಿಕ್ಕಿಬಿದ್ದ. ತಾನು ಪಾರಾಗಲು ಇನ್ನೊಬ್ಬ ಸೇನಾನಿಯನ್ನು ಅವನ 12,000 ಜನರೊಂದಿಗೆ ಸಾವಿನ ಬಾಯಿಗೆ ಕರೆಸಿಕೊಂಡ. ಅವರಲ್ಲಿ ಬದುಕುಳಿದವರು ಒಂದೆರಡು ಸಾವಿರ. ಡಮಾಸ್ಕಸ್ಸಿನ ಖಲೀಫ ಹಿಶಾಮ್ ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಬದಲಿಗೆ 20,000 ಹೊಸ ಸೈನಿಕರನ್ನು ಕಳಿಸಿಕೊಟ್ಟ. ಮೂರು ವರ್ಷ ಕಳೆದ ಮೇಲೆ ಅದೇ ಜುನೈದ್ ಒಂದು ಮದುವೆ ಮಾಡಿಕೊಂಡ. ಈ ಸಲ ಹಿಶಾಮ್ ಸುಮ್ಮನಿರಲಿಲ್ಲ. ಅವನ ಜಾಗಕ್ಕೆ ಇನ್ನೊಬ್ಬನನ್ನು ನೇಮಿಸಿ, 'ನೀನು ಹೋಗುವಷ್ಟರಲ್ಲಿ ಅವನಲ್ಲಿ ಉಸಿರು ಉಳಿದಿದ್ದರೆ ಅದನ್ನೂ ತೆಗೆದುಬಿಡು' ಎಂದು ಹೇಳಿ ಕಳಿಸಿದ.

ಸೋತವನಿಗೆ ಕ್ಷಮೆ, ಮದುವೆಯಾದವನಿಗೆ ಮರಣ. ಮೇಲ್ನೋಟಕ್ಕೆ ಇದು ಅರಸನ ಹುಚ್ಚಾಟದಂತೆ ಕಾಣುತ್ತದೆ. ಆದರೆ ಉಮಯ್ಯಾದ್ ಆಡಳಿತದಲ್ಲಿ ಪ್ರಾಂತ್ಯಾಧಿಕಾರಿ ಎಂದರೆ ಏನು, ಅವನನ್ನು ಯಾವುದಕ್ಕಾಗಿ ಇಟ್ಟುಕೊಳ್ಳುತ್ತಿದ್ದರು, ಯಾವುದಕ್ಕಾಗಿ ಹೆದರುತ್ತಿದ್ದರು ಎಂಬುದನ್ನು ನೋಡಿದರೆ ಹಿಶಾಮನ ಲೆಕ್ಕ ಸರಿಯಾಗಿಯೇ ಇತ್ತು ಅನ್ನಿಸುತ್ತದೆ. ಜುನೈದನ ವೃತ್ತಿಜೀವನ ಇದನ್ನು ತಿಳಿಯಲು ತಕ್ಕ ಉದಾಹರಣೆ. ಸಿಂಧ್‌ನಲ್ಲೂ ಖುರಾಸಾನ್‌ನಲ್ಲೂ ಆಳಿದ ಅಪರೂಪದ ಅಧಿಕಾರಿ ಅವನು. ಒಂದು ಕಡೆ ಗೆದ್ದ, ಇನ್ನೊಂದು ಕಡೆ ಸೋತ.

ಒಬ್ಬನೇ ಮನುಷ್ಯ, ನಾಲ್ಕು ಹುದ್ದೆ

ಉಮಯ್ಯಾದ್ ಮನೆತನ 661ರಿಂದ 750ರವರೆಗೆ ಆಳಿತು. ರಾಜ್ಯ ಪಶ್ಚಿಮದಲ್ಲಿ ಸ್ಪೇನ್‌ವರೆಗೆ, ಪೂರ್ವದಲ್ಲಿ ಸಿಂಧೂ ನದಿ ಮತ್ತು ಸಮರ್ಕಂದದವರೆಗೆ ಹಬ್ಬಿತ್ತು. ಡಮಾಸ್ಕಸ್ಸಿನಿಂದ ಅಷ್ಟು ದೂರವನ್ನು ದಿನನಿತ್ಯ ಆಳುವುದು ಆಗದ ಮಾತು. ಅದಕ್ಕಾಗಿ ಒಂದೊಂದು ಪ್ರಾಂತ್ಯಕ್ಕೆ ಒಬ್ಬ ಅಮೀರ್. ಅವನು ಶುಕ್ರವಾರದ ನಮಾಜಿಗೆ ಮುಂದೆ ನಿಲ್ಲಬೇಕು, ಕಂದಾಯ ವಸೂಲಿ ಮಾಡಿಸಬೇಕು, ಕಾವಲು ಪಡೆಗೆ ಮುಖ್ಯಸ್ಥನನ್ನು ನೇಮಿಸಬೇಕು, ದಂಡು ಕಟ್ಟಿಕೊಂಡು ಯುದ್ಧಕ್ಕೂ ಹೋಗಬೇಕು. ನಮ್ಮ ಕಾಲದ ಜಿಲ್ಲಾಧಿಕಾರಿ, ಪೊಲೀಸ್ ವರಿಷ್ಠಾಧಿಕಾರಿ, ಖಜಾನೆ ಅಧಿಕಾರಿ, ಸೇನಾಪತಿ ನಾಲ್ವರೂ ಒಬ್ಬನೇ ಆದಂತೆ.

ಪೂರ್ವದ ಪ್ರಾಂತ್ಯಗಳು ಹೆಚ್ಚಾಗಿ ಇರಾಕಿನ ಅಮೀರನ ಕೈಕೆಳಗೆ ಇರುತ್ತಿದ್ದವು. ಸಿಂಧ್‌ನಲ್ಲಿ ಯಾರು, ಖುರಾಸಾನ್‌ನಲ್ಲಿ ಯಾರು ಎಂದು ಅವನೇ ಗೊತ್ತುಮಾಡುತ್ತಿದ್ದ. ಒಮ್ಮೊಮ್ಮೆ ಖಲೀಫನೇ ನೇರವಾಗಿ ಕೈಹಾಕುತ್ತಿದ್ದ. ಅಧಿಕಾರಾವಧಿ ಎಂಬುದು ಇರಲಿಲ್ಲ. ಒಂದು ದಿನ ಹೊಸಬ ಬಂದು ಇಳಿಯುತ್ತಿದ್ದ, ಹಳಬನನ್ನು ಹಿಡಿದು ಒಳಗೆ ಹಾಕುತ್ತಿದ್ದ, ನುಂಗಿದ್ದನ್ನು ಕಕ್ಕಿಸಲು ಚಿತ್ರಹಿಂಸೆ ಕೊಡುತ್ತಿದ್ದ. ಇದು ಯಾರಿಗೂ ಅಪರೂಪ ಅನ್ನಿಸುತ್ತಿರಲಿಲ್ಲ. ಜುನೈದನಿಗೆ ಮೊದಲ ಕೆಲಸ ಕೊಟ್ಟ ಇರಾಕಿನ ಅಮೀರ್ ಉಮರ್ ಇಬ್ನ್ ಹುಬೈರಾನನ್ನು ಅವನ ನಂತರ ಬಂದ ಖಾಲಿದ್ ಅಲ್-ಕಸ್ರಿ ಸೆರೆಗೆ ಹಾಕಿದ. ಆ ಖಾಲಿದನನ್ನು 738ರಲ್ಲಿ ಯೂಸುಫ್ ಇಬ್ನ್ ಉಮರ್ ಹಿಡಿದ, ಕೊನೆಗೆ ಹಿಂಸೆ ಕೊಟ್ಟೇ ಕೊಂದ. ಹೀಗಿರುವಾಗ ಅಮೀರನಾದವನು ಅಧಿಕಾರದಲ್ಲಿದ್ದಷ್ಟು ದಿನ ಎರಡು ಕೆಲಸ ತಪ್ಪದೆ ಮಾಡುತ್ತಿದ್ದ: ಮೇಲಿನವರಿಗೆ ಹಣ ಕಳಿಸುವುದು, ತನ್ನವರನ್ನು ಸುತ್ತ ಕೂರಿಸಿಕೊಳ್ಳುವುದು.

ಸೈನ್ಯದ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು, ಮುಂದಿನ ಕಥೆಯೆಲ್ಲ ಅದರ ಮೇಲೆ ನಿಂತಿದೆ. ದಿವಾನ್ ಎಂಬ ಪಟ್ಟಿಯಲ್ಲಿ ಹೆಸರಿದ್ದವರಿಗೆ ಬೊಕ್ಕಸದಿಂದ ವರ್ಷಾಶನ ಸಿಗುತ್ತಿತ್ತು. ಪಟ್ಟಿ ಇದ್ದದ್ದು ಬುಡಕಟ್ಟುಗಳ ಲೆಕ್ಕದಲ್ಲಿ. ಯುದ್ಧದಲ್ಲೂ ಒಂದೊಂದು ಬುಡಕಟ್ಟು ತನ್ನದೇ ಬಾವುಟದ ಕೆಳಗೆ ನಿಲ್ಲುತ್ತಿತ್ತು. ಈ ಬುಡಕಟ್ಟುಗಳಲ್ಲಿ ಎರಡು ಬಣ. ಉತ್ತರ ಅರೇಬಿಯ ಮೂಲದವರೆಂದು ಹೇಳಿಕೊಳ್ಳುವ ಮುದರ್ ಬಣದಲ್ಲಿ ಕೈಸ್ ಮತ್ತು ತಮೀಮ್ ಮುಖ್ಯವಾದವು. ಯೆಮೆನ್ ಮೂಲದ ಬಣದಲ್ಲಿ ಖುರಾಸಾನಿನ ಮಟ್ಟಿಗೆ ಅಜ್ದ್ ಬುಡಕಟ್ಟಿನವರೇ ದೊಡ್ಡವರು, ರಬೀಆ ಗುಂಪು ಅವರ ಜೊತೆ. ಜುನೈದ್ ಕೈಸ್ ಕಡೆಯವನು, ಘತಫಾನಿನ ಮುರ್ರಾ ಕುಲದವನು. ಅಮೀರ್ ಯಾವ ಬಣದವನೋ ಆ ಬಣಕ್ಕೆ ಸುಗ್ಗಿ. ಇನ್ನೊಂದು ಬಣ ಹಲ್ಲು ಕಚ್ಚಿಕೊಂಡು ಮುಂದಿನ ಅಮೀರನಿಗಾಗಿ ಕಾಯುತ್ತಿತ್ತು.

ಸಿಂಧ್: ಲಾಭದ ವರ್ಷಗಳು

ಸುಮಾರು 723ರಲ್ಲಿ ಜುನೈದ್ ಸಿಂಧ್‌ಗೆ ಬಂದ. ಮುಹಮ್ಮದ್ ಇಬ್ನ್ ಕಾಸಿಮ್ ಆ ನಾಡನ್ನು ಗೆದ್ದು ಹತ್ತು ವರ್ಷದ ಮೇಲಾಗಿತ್ತು, ಆದರೆ ಹಿಡಿತ ಸಡಿಲವಾಗಿತ್ತು. ಅವನಿಗೆ ಸೋತು ಸತ್ತ ಸಿಂಧ್ ಅರಸ ದಾಹಿರನ ಮಗ ಜಯಸಿಂಹ ಖಲೀಫ ಎರಡನೆಯ ಉಮರನ ಕಾಲದಲ್ಲಿ ಇಸ್ಲಾಮಿಗೆ ಸೇರಿ ತನ್ನ ಸೀಮೆಯನ್ನು ಉಳಿಸಿಕೊಂಡಿದ್ದ. ಜುನೈದ್ ದೇಬಲ್ ಬಂದರಿನಿಂದ ಸಿಂಧೂ ದಂಡೆಗೆ ಬಂದಾಗ ಜಯಸಿಂಹ ಹೊಳೆ ದಾಟಲು ಬಿಡಲಿಲ್ಲ. 'ನಾನೂ ಮುಸಲ್ಮಾನ, ಈ ನಾಡನ್ನು ನನಗೆ ಬಿಟ್ಟುಕೊಟ್ಟವನು ಒಳ್ಳೆಯ ಮನುಷ್ಯ, ನಿನ್ನನ್ನು ನಂಬಲಾರೆ' ಎಂಬುದು ಅವನ ಮಾತಿನ ಸಾರ. ಒತ್ತೆಯಾಳುಗಳ ವಿನಿಮಯವಾಯಿತು, ಮುರಿದುಬಿತ್ತು, ದೋಣಿಗಳ ಮೇಲೆ ಕಾಳಗವಾಯಿತು. ಜಯಸಿಂಹನ ದೋಣಿ ಕೆಸರಿಗೆ ಸಿಕ್ಕಿತು. ಅವನನ್ನು ಹಿಡಿದು ಕೊಂದರು.

ಅವನ ತಮ್ಮನೊಬ್ಬ ಜುನೈದನ ಮೋಸದ ಬಗ್ಗೆ ದೂರು ಕೊಡಲು ಇರಾಕಿಗೆ ಹೊರಟಿದ್ದ. ಜುನೈದ್ ನಯವಾದ ಮಾತಾಡಿ ಅವನನ್ನು ಹತ್ತಿರ ಬರಮಾಡಿಕೊಂಡ, ಕೈಗೆ ಕೈ ಕೊಟ್ಟಾಗ ಕೊಲ್ಲಿಸಿದ. ಒಂಬತ್ತನೆಯ ಶತಮಾನದ ಇತಿಹಾಸಕಾರ ಬಲಾಧುರಿ ಇದನ್ನೆಲ್ಲ ಮುಚ್ಚಿಡದೆ ಬರೆದಿದ್ದಾನೆ. ಯುದ್ಧ ಶುರುಮಾಡಿದವನು ಜಯಸಿಂಹನಲ್ಲ, ಜುನೈದನೇ ಕಾಲು ಕೆರೆದ ಎನ್ನುವವರೂ ಇದ್ದಾರೆ ಎಂದು ಸೇರಿಸುತ್ತಾನೆ.

ಆಮೇಲೆ ದಾಳಿಗಳ ಸರಣಿ. ಟಗರು ತಲೆಯ ದಿಮ್ಮಿಗಳಿಂದ ಕೋಟೆಗೋಡೆ ಒಡೆದು ಕೀರಜ್ ಎಂಬ ಊರನ್ನು ಹಿಡಿದ. ಭರೂಚ್‌ಗೆ ಜನ ಕಳಿಸಿದ, ಉಜ್ಜಯಿನಿಯತ್ತ ಒಂದು ತುಕಡಿ, ಮಾಳವಕ್ಕೆ ಇನ್ನೊಂದು ತುಕಡಿ. ಇವು ಆಳಲು ಮಾಡಿದ ದಂಡಯಾತ್ರೆಗಳಲ್ಲ, ಬಾಚಿಕೊಂಡು ಬರಲು ಮಾಡಿದವು. ಜುನೈದ್ ಬಂದವರಿಗೆ ಕೈಯೆತ್ತಿ ಕೊಟ್ಟದ್ದು ಬಿಟ್ಟು ಅವನ ಮನೆಯಲ್ಲೇ 4 ಕೋಟಿ ದಿರ್ಹಮ್ ಇತ್ತು, ಅಷ್ಟೇ ಹಣವನ್ನು ಮೇಲಕ್ಕೂ ಕಳಿಸಿದ್ದ ಎಂದು ಬಲಾಧುರಿ ಹೇಳುತ್ತಾನೆ. ಒಂದು ದಿರ್ಹಮ್ ಹತ್ತಿರ ಹತ್ತಿರ 3 ಗ್ರಾಂ ಬೆಳ್ಳಿ. ಹಾಗಾದರೆ 4 ಕೋಟಿ ಎಂದರೆ ನೂರು ಟನ್ನಿಗೂ ಮಿಕ್ಕ ಬೆಳ್ಳಿ. ಈ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಕಾಗಿಲ್ಲ. ಆದರೆ ಜುನೈದ್ ಎಂದರೆ ಹಣ ತರುವ ಮನುಷ್ಯ ಎಂಬ ಹೆಸರು ದರಬಾರಿನಲ್ಲಿ ನಿಂತದ್ದಂತೂ ನಿಜ.

ಅವನು ಹೋದ ಮೇಲೆ ಈ ಗೆಲುವಿನಲ್ಲಿ ಉಳಿದದ್ದೇನು ಎಂದರೆ ಬಹಳವೇನೂ ಇಲ್ಲ. ನಂತರ ಬಂದ ತಮೀಮ್ ಇಬ್ನ್ ಜೈದನ ಕಾಲದಲ್ಲಿ ಅರಬರು ಹಿಂದೂಸ್ತಾನದ ನೆಲೆಗಳನ್ನು ಬಿಟ್ಟು ಹೊರಟರು. ಅವನ ನಂತರದ ಹಕಮ್ ಇಬ್ನ್ ಅವಾನಾ ಬಂದು ನೋಡಿದಾಗ ಕಚ್ಛ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಕೈಬಿಟ್ಟಿತ್ತು. ಅರಬರು ಮತ್ತೆ ಗುಜರಾತಿನ ಮೇಲೆ ಬಂದಾಗ ಅವರನ್ನು ತಡೆದದ್ದು ಬಾದಾಮಿ ಚಾಲುಕ್ಯರ ಕೈಕೆಳಗಿನ ಲಾಟದ, ಎಂದರೆ ದಕ್ಷಿಣ ಗುಜರಾತಿನ, ಶಾಖೆ. ಅವನಿಜನಾಶ್ರಯ ಪುಲಕೇಶಿಯ ನವಸಾರಿ ತಾಮ್ರಶಾಸನ 738-39ರದ್ದು. ಸೈಂಧವ, ಕಚ್ಛೇಲ್ಲ, ಸೌರಾಷ್ಟ್ರ, ಚಾವೋಟಕ, ಮೌರ್ಯ, ಗುರ್ಜರ ರಾಜರನ್ನು ತುಳಿದು ದಕ್ಷಿಣಾಪಥಕ್ಕೆ ನುಗ್ಗಲು ಬಂದ ತಾಜಿಕ, ಎಂದರೆ ಅರಬ್, ಸೈನ್ಯವನ್ನು ನವಸಾರಿಯ ಬಳಿ ಸೋಲಿಸಿದ್ದಾಗಿ ಅದರಲ್ಲಿ ಕೆತ್ತಲಾಗಿದೆ. ಆಗ ಬಾದಾಮಿಯಲ್ಲಿದ್ದವನು ಎರಡನೆಯ ವಿಕ್ರಮಾದಿತ್ಯ. ಈ ಗೆಲುವಿಗಾಗಿ ಪುಲಕೇಶಿಗೆ ಸಿಕ್ಕ ಬಿರುದುಗಳಲ್ಲಿ 'ದಕ್ಷಿಣಾಪಥಸಾಧಾರ' ಎಂಬುದೂ ಒಂದು. ಶಾಸನದ ಆ ಪಟ್ಟಿಯಲ್ಲಿರುವ ಕೆಲವು ನಾಡುಗಳ ಮೇಲೆ ಮೊದಲು ಕುದುರೆ ನುಗ್ಗಿಸಿದವನು ಜುನೈದ್. ನವಸಾರಿಯ ಹೊತ್ತಿಗೆ ಅವನು ಸತ್ತು ನಾಲ್ಕೈದು ವರ್ಷವಾಗಿತ್ತು.

ಎರಡು ಹಾರ, ಎಂಟು ಅಂಚೆ ಕುದುರೆ

ಖುರಾಸಾನ್ ಅವನಿಗೆ ಸಿಕ್ಕಿದ್ದು ಹೇಗೆಂದು ಇತಿಹಾಸಕಾರ ತಬರಿ ಹೇಳುವ ಕಥೆ ಚಿಕ್ಕದು. ಹಿಶಾಮನ ಹೆಂಡತಿ ಉಮ್ಮ್ ಹಕೀಮ್‌ಗೆ ಜುನೈದ್ ರತ್ನದ ಹಾರವೊಂದನ್ನು ಕಾಣಿಕೆ ಕೊಟ್ಟ. ಹಿಶಾಮ್ ಅದನ್ನು ನೋಡಿ ಮೆಚ್ಚಿದ. ಜುನೈದ್ ಅವನಿಗೂ ಒಂದು ಕೊಟ್ಟ. ಹಿಶಾಮ್ ಎಂಟು ಅಂಚೆ ಕುದುರೆ ಕೊಟ್ಟು ಖುರಾಸಾನಿಗೆ ಹೊರಡಿಸಿದ. ಬರೀ ಲಂಚದ ಕಥೆ ಎಂದು ನಕ್ಕುಬಿಡಬಹುದು, ಆದರೆ ಹಿಶಾಮ್ ಹಾರಕ್ಕೆ ಪ್ರಾಂತ್ಯ ಮಾರುವಷ್ಟು ಹಗುರ ಮನುಷ್ಯನಲ್ಲ. ಲೆಕ್ಕದಲ್ಲಿ ಬಿಗಿ ಎಂದು ಹೆಸರಾದವನು. ಸಿಂಧ್‌ನಿಂದ ಬೆಳ್ಳಿ ತಂದವನು ಖುರಾಸಾನಿನಿಂದಲೂ ತಂದಾನು ಎಂಬ ಎಣಿಕೆ ಇದ್ದಿರಬೇಕು. ಹಾರ ಅದಕ್ಕೆ ಸಾಕ್ಷಿಯಷ್ಟೆ.

ಆದರೆ ಖುರಾಸಾನ್ ಸಿಂಧ್ ಅಲ್ಲ. ಇವತ್ತಿನ ಈಶಾನ್ಯ ಇರಾನ್, ತುರ್ಕಮೆನಿಸ್ತಾನ, ಉತ್ತರ ಅಫ್ಘಾನಿಸ್ತಾನದ ಭಾಗಗಳು ಸೇರಿದ ಪ್ರಾಂತ್ಯ ಅದು. ರಾಜಧಾನಿ ಮರ್ವ್. 671ರಲ್ಲಿ ಇರಾಕಿನ ಬಸ್ರಾ, ಕೂಫಾ ಪಟ್ಟಣಗಳಿಂದ ಸುಮಾರು 50,000 ಅರಬ್ ಸಂಸಾರಗಳನ್ನು ತಂದು ಅಲ್ಲಿ ನೆಲೆಗೊಳಿಸಿದ್ದರು. ಅಮು ದರಿಯಾ ನದಿಯ ಆಚೆಗೆ ಸೊಗ್ದ್ ನಾಡು, ಬುಖಾರಾ ಮತ್ತು ಸಮರ್ಕಂದ. ಇವನ್ನು ಕುತೈಬಾ ಇಬ್ನ್ ಮುಸ್ಲಿಮ್ 709 ಮತ್ತು 712ರಲ್ಲಿ ಗೆದ್ದಿದ್ದ. ಗೆದ್ದ ಕುತೈಬಾನನ್ನು 715ರಲ್ಲಿ ಅವನ ಸೈನಿಕರೇ ಕೊಂದರು.

ಜುನೈದನಿಗಿಂತ ಹಿಂದಿನ ಅಮೀರ್ ಅಶ್ರಸ್ 728ರಲ್ಲಿ ಒಂದು ಪ್ರಯೋಗ ಮಾಡಿದ್ದ. ಇಸ್ಲಾಮಿಗೆ ಸೇರಿದ ಸೊಗ್ದ್ ಜನರಿಗೆ ಜಿಜಿಯಾ ತಲೆಗಂದಾಯವಿಲ್ಲ ಎಂದು ಸಾರಿಸಿದ. ಜನ ಸಾಲುಗಟ್ಟಿ ಸೇರಿದರು. ಕಂದಾಯ ಕುಸಿಯಿತು. ಇಷ್ಟೇ ಹಣ ಕಟ್ಟುತ್ತೇವೆಂದು ಒಪ್ಪಿಕೊಂಡಿದ್ದ ಸ್ಥಳೀಯ ಒಡೆಯರು ಎಲ್ಲಿಂದ ತಂದುಕೊಡಲಿ ಎಂದು ಕೂತರು. ಅಶ್ರಸ್ ಮಾತು ತಪ್ಪಿ ಮತ್ತೆ ತೆರಿಗೆ ಹಾಕಿದ. ಇಡೀ ಸೊಗ್ದ್ ಎದ್ದಿತು, ಉತ್ತರದ ಹುಲ್ಲುಗಾವಲಿನ ತುರ್ಗೇಶ್ ತುರ್ಕರನ್ನು ನೆರವಿಗೆ ಕರೆಯಿತು. ಅವರ ಖಾಗಾನ್, ಎಂದರೆ ದೊರೆ, ಸುಲು ಯುದ್ಧದಲ್ಲಿ ಪಳಗಿದವನು.

ಜುನೈದ್ ಸುಮಾರು 500 ಜನರೊಂದಿಗೆ ಈ ಬೆಂಕಿಯ ನಡುವೆ ಬಂದಿಳಿದ. ಮೊದಲ ವರ್ಷ ಬುಖಾರಾ ಕಡೆ ಅದೃಷ್ಟ ಅವನ ಕೈಹಿಡಿಯಿತು. ತುರ್ಕರನ್ನು ಹಿಮ್ಮೆಟ್ಟಿಸಿ ಖಾಗಾನನ ಸೋದರನ ಮಗನನ್ನು ಸೆರೆಹಿಡಿದು ಖಲೀಫನಿಗೆ ಕಳಿಸಿದ. ಆಮೇಲೆ ಮರ್ವ್‌ಗೆ ಬಂದು ಹುದ್ದೆಗಳನ್ನು ಹಂಚಿದ. ಎಲ್ಲವೂ ಮುದರ್ ಬಣದವರಿಗೆ. ಬುಖಾರಾ, ಹೆರಾತ್, ಬಲ್ಖ್, ಕಾವಲು ಪಡೆ, ಒಂದನ್ನೂ ಬಿಡಲಿಲ್ಲ.

ಆ ಬಣದ ಒಳಗೂ ಎಷ್ಟು ಹೊಟ್ಟೆಯುರಿ ಇತ್ತು ಎನ್ನುವುದಕ್ಕೆ ಬಲ್ಖ್‌ನ ಪ್ರಸಂಗ ಸಾಕು. ಅಲ್ಲಿನ ಹಳೆಯ ಅಧಿಕಾರಿ ನಸ್ರ್ ಇಬ್ನ್ ಸಯ್ಯಾರ್, ಹಿರಿಯ ಯೋಧ. ಹೊಸದಾಗಿ ನೇಮಕವಾದವನು ಬಾಹಿಲಾ ಕುಲದ ಮುಸ್ಲಿಮ್ ಇಬ್ನ್ ಅಬ್ದುರ್ರಹಮಾನ್. 724ರಲ್ಲಿ ಬಲ್ಖ್ ಬಳಿ ನಡೆದ ಅರಬ್-ಅರಬ್ ಹೊಡೆದಾಟದಿಂದ ನಸ್ರನಿಗೂ ಬಾಹಿಲಾದವರಿಗೂ ಆಗುತ್ತಿರಲಿಲ್ಲ. ನಸ್ರನನ್ನು ಕರೆತರಲು ಹೋದವರಿಗೆ ಅವನು ಮಲಗಿದ್ದದ್ದು ಕಂಡಿತು. ಇಜಾರ ಹಾಕಿಕೊಳ್ಳಲೂ ಬಿಡದೆ ಬರೀ ಅಂಗಿಯಲ್ಲೇ ಎಳೆತಂದರು. ನಸ್ರ್ ಅಂಗಿಯನ್ನು ಮೈಸುತ್ತ ಎಳೆದುಕೊಳ್ಳುತ್ತಾ ನಿಂತಿದ್ದನ್ನು ನೋಡಿ ಮುಸ್ಲಿಮನಿಗೇ ನಾಚಿಕೆಯಾಯಿತು: 'ಮುದರ್‌ನ ಹಿರಿಯನೊಬ್ಬನನ್ನು ಈ ಸ್ಥಿತಿಯಲ್ಲಿ ತಂದಿರಾ?' ಜುನೈದ್ ಮುಸ್ಲಿಮನನ್ನು ಬಲ್ಖ್‌ನಿಂದ ತೆಗೆದ. ನಸ್ರನ ಹೆಸರು ನೆನಪಿರಲಿ, ಮುಂದೆ ಬರುತ್ತಾನೆ.

ಕಣಿವೆ

731ರಲ್ಲಿ ಜುನೈದ್ ಬಲ್ಖ್ ಸೀಮೆಯ ತುಖಾರಿಸ್ತಾನದ ಮೇಲೆ ದಂಡೆತ್ತಿದ. 18,000 ಜನರನ್ನು ಒಂದು ದಿಕ್ಕಿಗೆ, 10,000 ಜನರನ್ನು ಇನ್ನೊಂದು ದಿಕ್ಕಿಗೆ ಕಳಿಸಿಯೂ ಆಯಿತು. ಅಷ್ಟರಲ್ಲಿ ಸಮರ್ಕಂದದಿಂದ ಓಲೆ ಬಂತು. ಅಲ್ಲಿನ ಅಧಿಕಾರಿ ತಮೀಮ್ ಬುಡಕಟ್ಟಿನ ಸೌರಾ ಇಬ್ನ್ ಅಲ್-ಹುರ್ರ್, 'ಖಾಗಾನ್ ಬಂದಿದ್ದಾನೆ, ಊರ ಗೋಡೆ ಕಾಯುವುದೂ ಕಷ್ಟವಾಗಿದೆ, ನೆರವು ಬೇಕು' ಎಂದು ಬರೆದಿದ್ದ.

ಜುನೈದ್ ಹೊಳೆ ದಾಟಲು ಅಪ್ಪಣೆ ಕೊಟ್ಟ. ಮುಜಶ್ಶಿರ್ ಇಬ್ನ್ ಮುಜಾಹಿಮ್ ಮುಂತಾದ ಹಳೆ ಹುಲಿಗಳು ಬೇಡವೆಂದರು. ಖುರಾಸಾನಿನ ಅಮೀರ್ 50,000 ಜನರಿಲ್ಲದೆ ಅಮು ದರಿಯಾ ದಾಟುವುದಿಲ್ಲ, ನೀನು ಸೈನ್ಯವನ್ನೆಲ್ಲ ಚದುರಿಸಿದ್ದೀಯ, ಅವರು ಬರಲಿ ಎಂದರು. 'ಹಾಗಾದರೆ ಸೌರಾ, ಅವನ ಜೊತೆಗಿರುವ ಮುಸಲ್ಮಾನರ ಗತಿ? ನನ್ನ ಮುರ್ರಾ ಕುಲದವರಷ್ಟೇ ಇದ್ದರೂ ದಾಟುತ್ತಿದ್ದೆ' ಎಂದ ಜುನೈದ್. ಈ ಮಾತನ್ನು ಮರೆಯಬಾರದು, ಕೆಲವೇ ದಿನಗಳಲ್ಲಿ ಅದು ತಲೆಕೆಳಗಾಗಲಿದೆ.

ಕೆಶ್, ಎಂದರೆ ಇವತ್ತಿನ ಉಜ್ಬೆಕಿಸ್ತಾನದ ಶಹ್ರಿಸಬ್ಜ್, ಅಲ್ಲಿಂದ ಸಮರ್ಕಂದಕ್ಕೆ ಎರಡು ದಾರಿ. ಒಂದು ಆಳೆತ್ತರದ ಹುಲ್ಲು ಬೆಳೆದ ಬಯಲಿನದು, ಇನ್ನೊಂದು ಬೆಟ್ಟದ ಕಣಿವೆಯದು. ಜುನೈದ್ ಬಯಲಿನ ದಾರಿ ಹಿಡಿಯೋಣ ಎಂದ. ವರ್ಷಗಟ್ಟಲೆ ಯಾರೂ ಉಳದ ನೆಲ, ಖಾಗಾನ್ ಹುಲ್ಲಿಗೆ ಬೆಂಕಿಯಿಟ್ಟರೆ ಹೊಗೆಯಲ್ಲೇ ಸಾಯುತ್ತೇವೆ, ಬೆಂಕಿಗಿಂತ ಕತ್ತಿಯೇ ವಾಸಿ ಎಂದು ಮುಜಶ್ಶಿರ್ ಕಣಿವೆಯನ್ನು ಸೂಚಿಸಿದ. ಯುದ್ಧದ ಲೆಕ್ಕದಲ್ಲಿ ಅದು ಸರಿಯಾದ ಸಲಹೆಯೇ. ಆದರೆ ಖಾಗಾನ್ ಅಲ್ಲೂ ಕಾದಿದ್ದ, ಸೊಗ್ದ್, ಶಾಶ್, ಫರ್ಘಾನಾದ ದಂಡುಗಳೂ ಅವನ ಜೊತೆಗಿದ್ದವು. ಸಮರ್ಕಂದ ಇನ್ನು ನಾಲ್ಕು ಹರದಾರಿ ಇರುವಾಗ ಮುಗಿಬಿದ್ದರು.

ಜುನೈದ್ ಬಲಗಡೆ ತಮೀಮ್ ಮತ್ತು ಅಜ್ದ್, ಎಡಗಡೆ ರಬೀಆ ಬುಡಕಟ್ಟುಗಳನ್ನು ನಿಲ್ಲಿಸಿದ. ಕಾಳಗ ಬಿಗಿಯಾದಾಗ ತಾನೇ ಅಜ್ದ್‌ನವರ ಬಾವುಟದ ಬಳಿಗೆ ಹೋದ. ಆ ಬಾವುಟ ಹಿಡಿದವನು ಅಮೀರನ ಮುಖಕ್ಕೇ ಹೇಳಿದ ಮಾತನ್ನು ತಬರಿ ದಾಖಲಿಸಿದ್ದಾನೆ. ಅದರ ಸಾರ ಇಷ್ಟು: 'ನೀನು ನಮಗೆ ಮರ್ಯಾದೆ ಕೊಡಲು ಬಂದವನಲ್ಲ. ನಮ್ಮಲ್ಲಿ ಒಬ್ಬನ ಕಣ್ಣು ತೆರೆದಿರುವವರೆಗೂ ನಿನ್ನ ಮೈ ಯಾರೂ ಮುಟ್ಟಲಾರರು ಎಂದು ಗೊತ್ತಿದ್ದು ಬಂದೆ. ಗೆದ್ದರೆ ಹೆಸರು ನಿನ್ನದು. ಸತ್ತರೆ ನೀನು ಅಳುವುದಿಲ್ಲ. ಬದುಕಿ ಉಳಿದರೆ ಮತ್ತೆಂದೂ ನಿನ್ನೊಡನೆ ಮಾತಾಡಲಾರೆ.' ಹೀಗೆ ಹೇಳಿ ಮುಂದೆ ನುಗ್ಗಿ ಸತ್ತ. ಬಾವುಟವನ್ನು ಇನ್ನೊಬ್ಬ ಎತ್ತಿದ, ಅವನೂ ಸತ್ತ. ಹದಿನೆಂಟು ಜನ ಒಬ್ಬರಾದ ಮೇಲೊಬ್ಬರು ಅದೇ ಬಾವುಟ ಹಿಡಿದು ಬಿದ್ದರಂತೆ. ಆ ದಿನ ಸತ್ತ ಅಜ್ದ್‌ನವರು ಎಂಬತ್ತು ಮಂದಿ.

ನನ್ನ ಮಟ್ಟಿಗೆ ಜುನೈದನ ಇಡೀ ಆಡಳಿತದ ತೀರ್ಪು ಈ ಮಾತಿನಲ್ಲಿದೆ. ಒಂದು ಹುದ್ದೆಯನ್ನೂ ಕೊಡದ ಜನರ ಬೆನ್ನಿಗೆ ಅವನು ಪ್ರಾಣ ಉಳಿಸಿಕೊಳ್ಳಲು ಹೋಗಿ ನಿಂತ. ಅವರು ಅದನ್ನು ತಿಳಿದೇ ಕಾದಿದರು.

ಕತ್ತಲಾದ ಮೇಲೂ ಬಿಡುಗಡೆಯ ದಾರಿ ಕಾಣಲಿಲ್ಲ. ಅರಬರು ಕಂದಕ ತೋಡಿಕೊಂಡು ಕೂತರು. ಆಗ ಉಬೈದುಲ್ಲಾ ಇಬ್ನ್ ಹಬೀಬ್ ಎಂಬವನು, 'ನೀನು ಸಾಯಬೇಕು, ಇಲ್ಲವೇ ಸೌರಾ ಸಾಯಬೇಕು, ಯಾವುದು ಬೇಕೋ ಆರಿಸಿಕೋ' ಎಂದ. 'ಸೌರಾ ಸಾಯುವುದು ನನಗೆ ಸುಲಭ' ಎಂದ ಜುನೈದ್. ಸೌರಾನನ್ನು ಕಾಪಾಡಲೆಂದೇ ಹೊಳೆ ದಾಟಿ ಬಂದವನು ಈಗ ಅವನಿಗೆ ಸಮರ್ಕಂದ ಬಿಟ್ಟು ಹೊರಡುವಂತೆ ಬರೆದ. ಸೌರಾ ಹೊರಬಂದ ಸುದ್ದಿ ಕೇಳಿ ತುರ್ಕರು ಆ ಕಡೆ ತಿರುಗಿದರೆ ಕಣಿವೆಯಿಂದ ನುಸುಳಬಹುದು ಎಂಬುದು ಉಪಾಯ.

ಸೌರಾನಿಗೆ ಇದು ಏನೆಂದು ಅರ್ಥವಾಗಿತ್ತು. ಹಿಂಜರಿದ. ಜುನೈದ್ ತಾಯಿಯನ್ನೆತ್ತಿ ಬೈದು ಎರಡನೆಯ ಓಲೆ ಕಳಿಸಿದ: ಹೊರಡದಿದ್ದರೆ ನಿನ್ನ ಹಗೆ ಶದ್ದಾದ್ ಇಬ್ನ್ ಖಾಲಿದನನ್ನು ನಿನ್ನ ಮೇಲೆ ಕಳಿಸುತ್ತೇನೆ. ನದಿಯ ದಂಡೆ ಬಿಟ್ಟು ಬರಬೇಡ ಎಂದೂ ಹೇಳಿದ್ದ. ದಂಡೆಯ ದಾರಿ ಸುತ್ತು ಎಂದು ಸೌರಾ ಬೆಟ್ಟದ ದಾರಿ ಹಿಡಿದು 12,000 ಜನರೊಂದಿಗೆ ಬಂದ. ಜುನೈದನಿಂದ ಒಂದು ಹರದಾರಿ ದೂರದಲ್ಲಿ ತುರ್ಕರು ಅಡ್ಡಗಟ್ಟಿದರು. ಸೊಗ್ದ್ ಅರಸ ಘೂರಕ್ ಖಾಗಾನನಿಗೆ, ಈಗಲೇ ಕಾದಬೇಡ, ಬಿಸಿಲೇರಲಿ, ಆಯುಧ ಮೈಮೇಲೆ ಕಾಯಲಿ, ನೀರಿಗೂ ಅವರಿಗೂ ನಡುವೆ ನಿಲ್ಲು, ಹುಲ್ಲಿಗೆ ಬೆಂಕಿ ಹಾಕು ಎಂದು ಹೇಳಿಕೊಟ್ಟ. ಬಾಯಾರಿ ಬೆಂದ ಜನ ಕೊನೆಗೆ ನುಗ್ಗಿದರು. ಧೂಳಿನಲ್ಲಿ ಕಣ್ಣು ಕಾಣಲಿಲ್ಲ, ತುರ್ಕರ ಹಿಂದೆಯೇ ಬೆಂಕಿಯಿತ್ತು, ಅದರಲ್ಲಿ ಎರಡೂ ಕಡೆಯವರು ಬಿದ್ದರು. ಸೌರಾ ತೊಡೆ ಮುರಿದು ಬಿದ್ದು ಸತ್ತ.

ಇತ್ತ ಜುನೈದ್ ಕಣಿವೆಯಿಂದ ಹೊರಟ. ತುರ್ಕರು ಮತ್ತೆ ಬಂದು ಮುತ್ತಿದಾಗ, 'ಯಾವ ಗುಲಾಮ ಕಾದುತ್ತಾನೋ ಅವನು ಸ್ವತಂತ್ರ' ಎಂದು ಸಾರಿಸಿದ. ಗುಲಾಮರಿಗೆ ಕವಚ ಎಲ್ಲಿಂದ ಬರಬೇಕು? ಕುದುರೆಯ ಜೀನಿನ ಕೆಳಗೆ ಹಾಸುವ ದಪ್ಪ ಉಣ್ಣೆಯ ಹಾಸನ್ನು ನಡುವೆ ತೂತು ಮಾಡಿ ಕೊರಳಿಗೆ ಹಾಕಿಕೊಂಡು ನುಗ್ಗಿದರು. ಅವರ ಹೋರಾಟ ನೋಡಿ ಸೈನ್ಯವೇ ಬೆರಗಾಯಿತು. ಹೀಗೆ ಜುನೈದ್ ಸಮರ್ಕಂದ ಮುಟ್ಟಿದ. ತುರ್ಕರು ಬುಖಾರಾ ಕಡೆ ತಿರುಗಿದಾಗ 800 ಜನರನ್ನು ಸಮರ್ಕಂದದ ಕಾವಲಿಗೆ ಬಿಟ್ಟು ಹಿಂದೆಯೇ ಹೋದ. ಈ ಸಲ ಎಚ್ಚರಿಕೆಯಿಂದ ನಡೆದು, ಕಾದುತ್ತಲೇ ಸಾಗಿ, ಇರಾನೀಯರ ಶರತ್ಕಾಲದ ಮಿಹ್ರಗಾನ್ ಹಬ್ಬದ ದಿನ ಬುಖಾರಾ ಸೇರಿಕೊಂಡ.

ಯಾಕೆ ತೆಗೆಯಲಿಲ್ಲ?

ಹಿಶಾಮನಿಗೆ ಜುನೈದ್ ಬರೆದ ಪತ್ರದಲ್ಲಿ ತಪ್ಪೆಲ್ಲ ಸತ್ತವನದು. ನೀರಿನ ದಂಡೆ ಬಿಡಬೇಡ ಎಂದಿದ್ದೆ, ಸೌರಾ ಕೇಳಲಿಲ್ಲ ಎಂಬುದು ಅದರ ತಿರುಳು. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಹಿಶಾಮ್ ಬೇರೆಯವರನ್ನೂ ವಿಚಾರಿಸಿ ನಡೆದದ್ದನ್ನು ತಿಳಿದುಕೊಂಡ. ಆದರೂ ಬಸ್ರಾದಿಂದ 10,000, ಕೂಫಾದಿಂದ 10,000 ಸೈನಿಕರು, 30,000 ಈಟಿ, ಅಷ್ಟೇ ಗುರಾಣಿಗಳನ್ನು ಕಳಿಸಿದ. ಇನ್ನೂ 15,000 ಹೊಸಬರನ್ನು ದಿವಾನ್ ಪಟ್ಟಿಗೆ ಸೇರಿಸಿಕೊಳ್ಳಲು ಒಪ್ಪಿಗೆ ಕೊಟ್ಟ.

ಕಾರಣಗಳು ಊಹಿಸಲಾಗದಂಥವಲ್ಲ. ಕೆಲವೇ ತಿಂಗಳ ಹಿಂದೆ, 730ರ ಡಿಸೆಂಬರಿನಲ್ಲಿ, ವಾಯವ್ಯ ಇರಾನಿನ ಅರ್ದಬೀಲ್ ಬಳಿ, ಕಾಕಸಸ್ ಬೆಟ್ಟಗಳ ಉತ್ತರದ ಖಜರರು ಜರ್ರಾಹ್ ಎಂಬ ಇನ್ನೊಬ್ಬ ಅಮೀರನನ್ನು ಸೈನ್ಯದ ಸಮೇತ ಅಳಿಸಿಹಾಕಿದ್ದರು. ಎರಡು ಗಡಿ ಒಟ್ಟಿಗೆ ಕುಸಿಯುತ್ತಿರುವಾಗ ಅಮೀರನನ್ನು ಬದಲಿಸುವುದು ಅಪಾಯ. ಎರಡನೆಯದಾಗಿ, ಜುನೈದ್ ತನ್ನ ಬಣದ ಹೊರಗೆ ಯಾರಿಗೂ ಬೇಡದವನಾಗಿದ್ದ. ಇದೇ ಅವನನ್ನು ಉಳಿಸಿತು ಎಂಬುದು ನನ್ನ ಅನ್ನಿಸಿಕೆ. ಪ್ರಾಂತ್ಯದಲ್ಲಿ ಬೇರಿಲ್ಲದ, ಎಲ್ಲಕ್ಕೂ ಡಮಾಸ್ಕಸ್ಸಿನ ಕಡೆ ನೋಡಬೇಕಾದ ಅಮೀರ್ ಸೋಲಬಹುದು, ಆದರೆ ತಿರುಗಿಬೀಳಲಾರ.

ಮುಂದಿನ ಎರಡು ವರ್ಷ ಹೆಚ್ಚು ಸದ್ದಿಲ್ಲದೆ ಕಳೆದವು. ಅಬ್ಬಾಸಿ ಮನೆತನದ ಪರ ಗುಟ್ಟಾಗಿ ಪ್ರಚಾರ ಮಾಡುತ್ತಿದ್ದವನೊಬ್ಬನನ್ನು ಹಿಡಿದು ಕೊಂದ, ಇನ್ನು ಸಿಕ್ಕವರಿಗೂ ಇದೇ ಗತಿ ಎಂದ. ಆ ಪ್ರಚಾರವೇ ಮುಂದೆ ಉಮಯ್ಯಾದರನ್ನು ಕೆಡವಿತು, ಅದು ಬೇರೆ ಕಥೆ.

ನಂತರ ಬರ ಬಂತು. ಮರ್ವ್‌ನಲ್ಲಿ ಅನ್ನಕ್ಕೆ ಹಾಹಾಕಾರ. ಜುನೈದ್ ಸುತ್ತಲ ಸೀಮೆಗಳಿಗೆ ಧಾನ್ಯ ಕಳಿಸುವಂತೆ ಬರೆದ. ಒಬ್ಬನಿಗೆ ಒಂದು ದಿರ್ಹಮ್ ಕೊಟ್ಟು ರೊಟ್ಟಿ ತರಿಸಿದ, ಒಂದು ದಿರ್ಹಮಿಗೆ ಒಂದು ರೊಟ್ಟಿ ಸಿಕ್ಕಿತು. ಆಗ ಅಂದನಂತೆ: 'ದಿರ್ಹಮಿಗೆ ರೊಟ್ಟಿ ಸಿಗುತ್ತಿದೆ, ಆದರೂ ಹಸಿವು ಅನ್ನುತ್ತೀರಾ? ಹಿಂದೂಸ್ತಾನದಲ್ಲಿ ಕಾಳನ್ನು ಎಣಿಸಿ ದಿರ್ಹಮಿಗೆ ಮಾರುವುದನ್ನು ನಾನು ಕಂಡಿದ್ದೇನೆ.' ಸಿಂಧ್‌ನಲ್ಲಿ ಬೆಳ್ಳಿ ಬಾಚಿದ ವರ್ಷಗಳ ಇನ್ನೊಂದು ಮುಖ ಅವನ ಬಾಯಿಂದಲೇ ಹೊರಬಿದ್ದಂತಿದೆ.

ಯಾಕೆ ತೆಗೆದ?

734ರ ಹೊತ್ತಿಗೆ ಜುನೈದ್ ಫಾಜಿಲಾ ಎಂಬುವಳನ್ನು ಮದುವೆಯಾದ. ಅವಳು ಯಜೀದ್ ಇಬ್ನ್ ಅಲ್-ಮುಹಲ್ಲಬನ ಮಗಳು. ಹಿಶಾಮನ ಕೋಪಕ್ಕೆ ಕಾರಣ ಈ ತಂದೆಯ ಹೆಸರು.

ಮುಹಲ್ಲಬ್ ಮನೆತನ ಅಜ್ದ್ ಬುಡಕಟ್ಟಿನ ಕಿರೀಟವಿದ್ದಂತೆ. ತಂದೆಯೂ ಮಗನೂ ಖುರಾಸಾನಿನ ಅಮೀರರಾಗಿದ್ದವರು. 720ರಲ್ಲಿ ಯಜೀದ್ ಬಸ್ರಾದಲ್ಲಿ ಖಲೀಫನ ವಿರುದ್ಧ ಬಂಡೆದ್ದ, ಇರಾಕನ್ನೇ ಅಲ್ಲಾಡಿಸಿದ. ಅವನನ್ನು ಅಡಗಿಸಿ ಕೊಂದದ್ದು ಹಿಶಾಮನ ಅಣ್ಣ ಮಸ್ಲಮಾನ ಸೈನ್ಯ. ಓಡಿಹೋದ ಮನೆಯವರನ್ನು ಸಿಂಧ್ ಗಡಿಯ ಕಂದಾಬೀಲ್‌ವರೆಗೂ ಬೆನ್ನಟ್ಟಿ ಕೊಂದರು. ಹದಿನಾಲ್ಕು ವರ್ಷ ಕಳೆದಿದ್ದರೂ ಖಲೀಫನ ಮನೆಯಲ್ಲಿ ಆ ಹೆಸರಿಗೆ ಕ್ಷಮೆ ಇರಲಿಲ್ಲ.

ಜುನೈದ್ ಯಾಕೆ ಈ ಸಂಬಂಧ ಬೆಳೆಸಿದನೆಂದು ಚರಿತ್ರೆಕಾರರು ಬರೆದಿಲ್ಲ. ಆದರೆ ಕಣಿವೆಯಲ್ಲಿ ಬಾವುಟ ಹಿಡಿದು ನಿಂತವನ ಮಾತು ಕೇಳಿದ ಮನುಷ್ಯ ಅವನು. ಅಜ್ದ್‌ನವರ ಮನಸ್ಸು ಗೆಲ್ಲದೆ ಖುರಾಸಾನ್ ಆಳಲಾಗದೆಂದು ತಡವಾಗಿಯಾದರೂ ಹೊಳೆದಿದ್ದರೆ, ಮುಹಲ್ಲಬರ ಮನೆಯ ಅಳಿಯನಾಗುವುದಕ್ಕಿಂತ ನೇರ ದಾರಿ ಇರಲಿಲ್ಲ. ಪ್ರಾಂತ್ಯದ ಒಳಗಿನಿಂದ ನೋಡಿದರೆ ಅವನು ಮಾಡಿದ ಅತ್ಯಂತ ಜಾಣ ಕೆಲಸ ಇದೇ ಇರಬಹುದು. ಡಮಾಸ್ಕಸ್ಸಿನಿಂದ ನೋಡಿದರೆ ಚಿತ್ರವೇ ಬೇರೆ: ಕೈಸ್ ಬಣದ ಅಮೀರ್, ಅವನ ಹಿಂದೆ ಅಜ್ದ್, ಕೈಯಲ್ಲಿ ಖಲೀಫನೇ ಕಳಿಸಿದ ಈಟಿಗಳು. ಖುರಾಸಾನಿನ ಎರಡು ಬಣ ಒಂದಾಗದಿರುವುದರ ಮೇಲೆ ಖಲೀಫನ ನೆಮ್ಮದಿ ನಿಂತಿತ್ತು. ಅಮೀರನಾದವನು ಪ್ರಾಂತ್ಯದ ಜನರನ್ನು ಒಲಿಸಿಕೊಂಡರೆ ಮೇಲಿನವರಿಗೆ ಭಯ, ಒಲಿಸಿಕೊಳ್ಳದಿದ್ದರೆ ಯುದ್ಧದಲ್ಲಿ ಸೋಲು. ಆ ಹುದ್ದೆಯ ರಚನೆಯಲ್ಲೇ ಈ ಇಕ್ಕಟ್ಟು ಇತ್ತು.

ಹಿಶಾಮ್ ಆಸಿಮ್ ಇಬ್ನ್ ಅಬ್ದುಲ್ಲಾ ಅಲ್-ಹಿಲಾಲಿಯನ್ನು ಹೊರಡಿಸಿದ. ಅವನು ಮರ್ವ್ ತಲುಪುವ ಮೊದಲೇ ಜುನೈದ್ ಹೊಟ್ಟೆಯಲ್ಲಿ ನೀರು ತುಂಬುವ ರೋಗದಿಂದ ಸತ್ತಿದ್ದ. ಸಿಟ್ಟನ್ನು ತೀರಿಸಿಕೊಳ್ಳಲು ಉಳಿದದ್ದು ಅವನ ಜನ. ಜುನೈದ್ ತನ್ನ ಜಾಗಕ್ಕೆ ಹೇಳಿಹೋಗಿದ್ದ ದಾಯಾದಿ ಉಮಾರಾ ಇಬ್ನ್ ಹುರೈಮ್ ಮತ್ತು ಇತರ ಅಧಿಕಾರಿಗಳನ್ನು ಆಸಿಮ್ ಸೆರೆಗೆ ಹಾಕಿ ಹಿಂಸೆ ಕೊಟ್ಟ. ಕೈ ಬಿಚ್ಚಿ ಕೊಡುತ್ತಿದ್ದವನು ಹೋದನೆಂದು ಕವಿಯೊಬ್ಬ ಶೋಕಗೀತೆ ಹಾಡಿದ. ಕವಿಗಳ ಮಟ್ಟಿಗೆ ಅದು ನಿಜವೇ.

ಆಮೇಲೆ

ಅದೇ ವರ್ಷ ಹಾರಿಸ್ ಇಬ್ನ್ ಸುರೈಜ್ ಎಂಬ ತಮೀಮ್ ಯೋಧ ಬಂಡೆದ್ದ. ಹೊಸ ಮುಸಲ್ಮಾನರ ಮೇಲಿನ ಅನ್ಯಾಯದ ತೆರಿಗೆ ಅವನ ಘೋಷಣೆಗಳಲ್ಲಿ ಒಂದು. ಅರಬರೂ ಸ್ಥಳೀಯರೂ ಸೇರಿಕೊಂಡರು, ಬಲ್ಖ್ ಅವನ ಕೈಸೇರಿತು, ಮರ್ವ್‌ವರೆಗೂ ಬಂದ. ಆಸಿಮ್ ಒಂದು ವರ್ಷಕ್ಕಿಂತ ಹೆಚ್ಚು ನಿಲ್ಲಲಿಲ್ಲ. ಸಮರ್ಕಂದವೂ ಹೋಯಿತು. ನಂತರ ಬಂದ ಅಸದ್ ಅಲ್-ಕಸ್ರಿ ಆ ಊರಿಗೆ ಹೋಗುವ ನೀರನ್ನು ವರಘ್ಸರ್ ಬಳಿ ಕಟ್ಟೆ ಹಾಕಿ ತಡೆಯಲು ನೋಡಿದ, ಊರು ಬಗ್ಗಲಿಲ್ಲ. ಖಾಗಾನ್ ಸುಲುವನ್ನು ಸೋಲಿಸುವುದು ಮಾತ್ರ 737ರಲ್ಲಿ ಅಸದನಿಗೆ ಒಲಿಯಿತು, ಸ್ವಲ್ಪ ದಿನದಲ್ಲೇ ಖಾಗಾನನನ್ನು ಅವನ ಕಡೆಯವನೇ ಕೊಂದ.

738ರಲ್ಲಿ ಅಸದ್ ಸತ್ತ ಮೇಲೆ ಹಿಶಾಮ್ ಆರಿಸಿದ್ದು ನಸ್ರ್ ಇಬ್ನ್ ಸಯ್ಯಾರನನ್ನು. ಬಲ್ಖ್‌ನಲ್ಲಿ ಅಂಗಿಯಲ್ಲಿ ಎಳೆಸಿಕೊಂಡಿದ್ದವನು, ಕಣಿವೆಯಲ್ಲಿ ಕಾದಿದವನು, ಆಗ ಎಪ್ಪತ್ತು ದಾಟಿದ ಮುದುಕ. ಖುರಾಸಾನಿನಲ್ಲಿ ಅವನ ಕುಲ ಚಿಕ್ಕದು, ಅದರಿಂದ ಡಮಾಸ್ಕಸ್ಸಿಗೆ ಭಯವಿರಲಿಲ್ಲ. ಅಶ್ರಸ್ ಕೈ ಸುಟ್ಟುಕೊಂಡಿದ್ದ ಕಂದಾಯದ ಗಂಟಿಗೆ ಅವನು ಕೈಹಾಕಿದ. ಜಮೀನಿದ್ದವರೆಲ್ಲ, ಮುಸಲ್ಮಾನರೂ ಸೇರಿ, ಭೂಕಂದಾಯ ಕೊಡಬೇಕು, ತಲೆಗಂದಾಯ ಮುಸಲ್ಮಾನರಲ್ಲದವರಿಗೆ ಮಾತ್ರ ಎಂದು ಸಾರಿದ. ಲೆಕ್ಕ ತೆಗೆದಾಗ 30,000 ಮುಸಲ್ಮಾನರು ತಲೆಗಂದಾಯ ಕಟ್ಟುತ್ತಿದ್ದುದೂ 80,000 ಮುಸಲ್ಮಾನರಲ್ಲದವರು ಅದರಿಂದ ತಪ್ಪಿಸಿಕೊಂಡಿದ್ದುದೂ ಬೆಳಕಿಗೆ ಬಂತೆಂದು ತಬರಿ ಬರೆಯುತ್ತಾನೆ. ಹತ್ತು ವರ್ಷ ಆಳಿದ ಮೇಲೆ, 748ರಲ್ಲಿ, ಅಬ್ಬಾಸಿಗಳ ಸೇನಾನಿ ಅಬೂ ಮುಸ್ಲಿಮ್ ಮರ್ವ್ ಹಿಡಿದಾಗ ನಸ್ರ್ ಪಶ್ಚಿಮಕ್ಕೆ ಓಡಿದ. ಅದೇ ವರ್ಷ ಇರಾನಿನ ಸಾವಾ ಎಂಬಲ್ಲಿ, ದಾರಿಯಲ್ಲೇ ತೀರಿಕೊಂಡ. ಖುರಾಸಾನಿಗೆ ಉಮಯ್ಯಾದರು ಕಳಿಸಿದ ಅಮೀರರ ಪಟ್ಟಿಯಲ್ಲಿ ಅವನ ನಂತರ ಹೆಸರಿಲ್ಲ.